ಗುಂಗುರು ಕೂದಲು ಉದ್ದವಾಗುವುದು ಹೇಗೆ: ಬುಡದ ಬೆಳವಣಿಗೆ ಮತ್ತು ತುದಿಯ ನಷ್ಟ

ಕೂದಲು ಹೆಗಲಿನವರೆಗೆ ಬೆಳೆದು ಅಲ್ಲಿಗೇ ನಿಂತುಬಿಡುತ್ತದೆ, ಎಷ್ಟು ಕಾದರೂ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬುದು ಗುಂಗುರು ಕೂದಲಿನವರ ಸಾಮಾನ್ಯ ದೂರು. ಇದಕ್ಕೆ ಸಿಗುವ ಸಲಹೆಗಳೆಲ್ಲ ಹೆಚ್ಚುಕಡಿಮೆ ನೆತ್ತಿಗೆ ಸಂಬಂಧಿಸಿದವು: ಹರಳೆಣ್ಣೆ ತಿಕ್ಕಬೇಕು, ಈರುಳ್ಳಿ ರಸ ಹಚ್ಚಬೇಕು, ಬಯೋಟಿನ್ ಎಂಬ ಜೀವಸತ್ವದ ಮಾತ್ರೆ ನುಂಗಬೇಕು. ಆದರೆ ಆರೋಗ್ಯವಾಗಿರುವ ಬಹುಪಾಲು ಜನರ ತಲೆಯಲ್ಲಿ ಕೂದಲು ಬೆಳೆಯುವುದು ನಿಂತಿರುವುದೇ ಇಲ್ಲ. ಬುಡದಲ್ಲಿ ಎಷ್ಟು ಬೆಳೆಯುತ್ತದೆಯೋ ಸುಮಾರು ಅಷ್ಟೇ ತುದಿಯಲ್ಲಿ ಮುರಿದುಹೋಗುತ್ತಿರುವುದರಿಂದ ಉದ್ದ ಮಾತ್ರ ಇದ್ದಲ್ಲೇ ಇರುತ್ತದೆ. ಬೆಳವಣಿಗೆಯ ವೇಗವನ್ನು ನಾವು ಬದಲಾಯಿಸಬಲ್ಲದ್ದು ಅತ್ಯಲ್ಪ. ಮುರಿತವನ್ನು ಮಾತ್ರ ಬಹಳ ಮಟ್ಟಿಗೆ ತಡೆಯಬಹುದು. ಆದ್ದರಿಂದ ಗುಂಗುರು ಕೂದಲನ್ನು ಉದ್ದ ಬಿಡಬೇಕೆನ್ನುವವರು ಗಮನವನ್ನು ನೆತ್ತಿಯಿಂದ ತುದಿಯ ಕಡೆಗೆ ತಿರುಗಿಸಬೇಕಾಗುತ್ತದೆ.

ಲೆಕ್ಕ ಸರಳವಾಗಿದೆ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ, ವರ್ಷಕ್ಕೆ ಸುಮಾರು 12ರಿಂದ 15 ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಆಫ್ರಿಕನ್ ಮೂಲದ ಬಿಗಿ ಸುರುಳಿಯ ಕೂದಲಿನಲ್ಲಿ ಈ ವೇಗ ಸರಾಸರಿ ಇದಕ್ಕಿಂತ ಕಡಿಮೆ. ಪ್ರತಿಯೊಂದು ಎಳೆಯೂ ಸಾಮಾನ್ಯವಾಗಿ 2ರಿಂದ 6 ವರ್ಷ ಬೆಳೆದು, ಎರಡು ಮೂರು ವಾರಗಳ ಪರಿವರ್ತನೆಯ ಹಂತವನ್ನು ದಾಟಿ, ಸುಮಾರು ಮೂರು ತಿಂಗಳು ವಿಶ್ರಾಂತಿಯಲ್ಲಿದ್ದು ಉದುರುತ್ತದೆ. ಅದೇ ರೋಮಕೂಪದಿಂದ ಹೊಸ ಎಳೆ ಹೊರಡುತ್ತದೆ. ಒಬ್ಬರ ಕೂದಲು ಗರಿಷ್ಠ ಎಷ್ಟು ಉದ್ದವಾಗಬಲ್ಲದು ಎಂಬುದನ್ನು ಈ ಬೆಳವಣಿಗೆಯ ಹಂತದ ಅವಧಿ ನಿರ್ಧರಿಸುತ್ತದೆ, ಮತ್ತು ಅದು ಬಹುಮಟ್ಟಿಗೆ ವಂಶವಾಹಿಗಳ ವಿಷಯ. ತಲೆಯ ಮೇಲಿರುವ ಸುಮಾರು ಒಂದು ಲಕ್ಷ ಎಳೆಗಳಲ್ಲಿ ದಿನಕ್ಕೆ 50ರಿಂದ 100 ಎಳೆಗಳು ಉದುರುವುದು ಸಹಜ. ನೇರ ಕೂದಲಿನಲ್ಲಿ ಇವು ಒಂದೊಂದಾಗಿ ನೆಲಕ್ಕೆ ಬೀಳುತ್ತವೆ. ಗುಂಗುರಿನಲ್ಲಿ ಉದುರಿದ ಎಳೆಗಳು ಸುರುಳಿಗಳ ನಡುವೆಯೇ ಸಿಕ್ಕಿಕೊಂಡಿದ್ದು ವಾರಕ್ಕೊಮ್ಮೆ ತಲೆ ಸ್ನಾನ ಮಾಡುವಾಗ ಒಟ್ಟಿಗೇ ಕೈಗೆ ಬರುತ್ತವೆ. ಬಚ್ಚಲಿನ ಜಾಲರಿಯ ಮೇಲೆ ಆ ಉಂಡೆಯನ್ನು ಕಂಡು ಗಾಬರಿಯಾಗುವವರು ಅದು ಏಳು ದಿನಗಳ ಲೆಕ್ಕವೆಂಬುದನ್ನು ಮರೆಯುತ್ತಾರೆ.

ಉದುರುವುದು ಬೇರೆ, ಮುರಿಯುವುದು ಬೇರೆ. ಎರಡಕ್ಕೂ ಪರಿಹಾರವೂ ಬೇರೆ. ಕೈಗೆ ಬಂದ ಎಳೆಯನ್ನು ಬೆಳಕಿಗೆ ಹಿಡಿದಾಗ ಒಂದು ತುದಿಯಲ್ಲಿ ಸಣ್ಣ ಬಿಳಿಯ ಗುಬುಟು ಕಂಡರೆ ಅದು ಬುಡದಿಂದ ಉದುರಿದ ಕೂದಲು. ಗುಬುಟಿಲ್ಲದೆ ಗಿಡ್ಡವಾದ, ಬೇರೆ ಬೇರೆ ಅಳತೆಯ ತುಂಡುಗಳು ಅಂಗಿಯ ಹೆಗಲ ಮೇಲೆ, ವಾಶ್‌ಬೇಸಿನ್ನಿನಲ್ಲಿ ಸಿಗುತ್ತಿದ್ದರೆ ಅದು ಮುರಿತ. ಎಣ್ಣೆಗೋ ಮಾತ್ರೆಗೋ ಹಣ ಖರ್ಚು ಮಾಡುವ ಮೊದಲು ಈ ಪರೀಕ್ಷೆಯನ್ನು ಮಾಡಿಕೊಳ್ಳುವುದು ಲಾಭಕರ, ಏಕೆಂದರೆ ಇದಕ್ಕೆ ಏನೂ ಖರ್ಚಿಲ್ಲ.

ಸುರುಳಿಯೇ ಏಕೆ ಹೆಚ್ಚು ಮುರಿಯುತ್ತದೆ

ಚರ್ಮದಿಂದ ಹೊರಬಂದ ಕೂದಲು ನಿರ್ಜೀವ ವಸ್ತು. ಗಾಯವಾದ ಚರ್ಮ ಮತ್ತೆ ಕೂಡಿಕೊಳ್ಳುವಂತೆ ಸೀಳಿದ ಕೂದಲು ತಾನಾಗಿ ಕೂಡಿಕೊಳ್ಳಲಾರದು. ಅದರ ಒಳಭಾಗವಾದ ಕಾರ್ಟೆಕ್ಸ್ ಕೆರಾಟಿನ್ ಎಂಬ ಪ್ರೋಟೀನಿನ ನಾರುಗಳಿಂದ ಕೂಡಿದ್ದು, ಬಲವೆಲ್ಲ ಇರುವುದು ಅಲ್ಲಿಯೇ. ಅದರ ಸುತ್ತ ಕ್ಯುಟಿಕಲ್ ಎಂಬ ಹೊರಪೊರೆ ಮನೆಯ ಮಾಡಿನ ಹಂಚುಗಳಂತೆ ಒಂದರ ಮೇಲೊಂದು ಹಾಸಿಕೊಂಡಿರುತ್ತದೆ. ಬುಡದ ಹತ್ತಿರ ಇಂಥ 6ರಿಂದ 10 ಪದರಗಳಿರುತ್ತವೆ. ಈ ಹೊರಪೊರೆಯ ಮೇಲ್ಮೈಯಲ್ಲಿ ನೀರನ್ನು ದೂರವಿಡುವ ತೆಳುವಾದ ಕೊಬ್ಬಿನ ಲೇಪವೊಂದು ಹುಟ್ಟಿನಿಂದಲೇ ಅಂಟಿಕೊಂಡಿರುತ್ತದೆ. ಬಣ್ಣ, ಬ್ಲೀಚ್, ಕ್ಷಾರೀಯ ರಾಸಾಯನಿಕಗಳು ಅದನ್ನು ಕಿತ್ತುಹಾಕುತ್ತವೆ, ಮತ್ತು ಒಮ್ಮೆ ಹೋದದ್ದು ಆ ಎಳೆಯಲ್ಲಿ ಮರಳಿ ಬರುವುದಿಲ್ಲ. ಸೊಂಟದವರೆಗೆ ಇಳಿದ ಕೂದಲಿನ ತುದಿಗೆ ನಾಲ್ಕೈದು ವರ್ಷ ವಯಸ್ಸಾಗಿರುತ್ತದೆ. ವಾರಕ್ಕೆ ಎರಡು ಬಾರಿ ತಲೆಗೆ ನೀರು ಹಾಕಿಕೊಳ್ಳುವವರಲ್ಲಿ ಆ ತುದಿ ನಾನೂರಕ್ಕೂ ಹೆಚ್ಚು ಸ್ನಾನಗಳನ್ನು, ಸಾವಿರಕ್ಕೂ ಹೆಚ್ಚು ಸಲ ಬಾಚಣಿಗೆಯನ್ನು ಕಂಡಿರುತ್ತದೆ. ಬುಡದ ಕೂದಲು ಹೊಳೆಯುತ್ತಿದ್ದು ತುದಿ ಒರಟಾಗಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಗುಂಗುರಿನ ವಿಷಯದಲ್ಲಿ ಇದಕ್ಕೆ ಇನ್ನೂ ಕೆಲವು ಅನನುಕೂಲಗಳು ಸೇರಿಕೊಳ್ಳುತ್ತವೆ. ಸುರುಳಿ ಹುಟ್ಟುವುದು ಚರ್ಮದೊಳಗಿನ ರೋಮಕೂಪವೇ ಬಾಗಿರುವುದರಿಂದ. ಅದರಿಂದ ಹೊರಡುವ ಎಳೆಯ ಅಡ್ಡಕೊಯ್ತ ದುಂಡಗಿರದೆ ಚಪ್ಪಟೆಯಾದ ಅಂಡಾಕಾರದಲ್ಲಿರುತ್ತದೆ. ಎಳೆ ತಿರುವು ತೆಗೆದುಕೊಳ್ಳುವ ಪ್ರತಿಯೊಂದು ಜಾಗದಲ್ಲಿಯೂ ಹೊರಪೊರೆ ಸ್ವಲ್ಪ ಎದ್ದುಕೊಂಡಿರುತ್ತದೆ, ಎಳೆದಾಗ ಬಲವೆಲ್ಲ ಆ ಬಿಂದುವಿನಲ್ಲಿ ಕೇಂದ್ರೀಕೃತವಾಗುತ್ತದೆ. ನೆತ್ತಿಯಲ್ಲಿ ಸ್ರವಿಸುವ ಸಹಜ ಜಿಡ್ಡು ನೇರ ಕೂದಲಿನಲ್ಲಿ ಸುಲಭವಾಗಿ ಕೆಳಗಿಳಿದು ತುದಿಯವರೆಗೂ ಹರಡುತ್ತದೆ. ಸುರುಳಿಗಳಲ್ಲಿ ಅದು ಮೇಲಿನ ಕೆಲವು ತಿರುವುಗಳಲ್ಲಿಯೇ ಉಳಿದುಬಿಡುವುದರಿಂದ ನೆತ್ತಿ ಜಿಡ್ಡಾಗಿ ತುದಿ ಒಣಗಿರುವ ವಿಚಿತ್ರ ಸ್ಥಿತಿ ಉಂಟಾಗುತ್ತದೆ. ಸುರುಳಿಗಳು ಪರಸ್ಪರ ಹೆಣೆದುಕೊಂಡು ಸಿಕ್ಕಾಗುತ್ತವೆ; ಬಿಗಿ ಸುರುಳಿಯಲ್ಲಂತೂ ಒಂದೇ ಎಳೆ ತನಗೆ ತಾನೇ ಗಂಟು ಹಾಕಿಕೊಳ್ಳುವುದೂ ಉಂಟು.

ಇದರ ಜೊತೆಗೆ ಕಣ್ಣಿನ ಭ್ರಮೆಯೊಂದಿದೆ. ಒಣಗಿದ ಸುರುಳಿ ಕುಗ್ಗಿಕೊಳ್ಳುತ್ತದೆ. ಬಿಗಿಯಾದ ಗುಂಗುರಿನಲ್ಲಿ ನಿಜವಾದ ಉದ್ದದ ಅರ್ಧಕ್ಕಿಂತ ಹೆಚ್ಚು ಭಾಗ ಹೀಗೆ ಮರೆಯಾಗಬಹುದು. ಕೂದಲು ಬೆಳೆಯುತ್ತಿಲ್ಲವೆಂದು ಕೊರಗುವವರಲ್ಲಿ ಕೆಲವರ ಕೂದಲು ವಾಸ್ತವವಾಗಿ ಬೆಳೆದೇ ಇರುತ್ತದೆ. ಕಿವಿಯ ಹಿಂದಿನ ಒಂದು ನಿಶ್ಚಿತ ಜಾಗದ ಎಳೆಗಳನ್ನು ಮೆಲ್ಲಗೆ ನೇರವಾಗಿ ಎಳೆದು ಹಿಡಿದು, ಮೂರು ತಿಂಗಳಿಗೊಮ್ಮೆ ಟೇಪಿನಿಂದ ಅಳೆದು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಕನ್ನಡಿಯ ಸಾಕ್ಷ್ಯವನ್ನು ಈ ವಿಷಯದಲ್ಲಿ ನಂಬುವಂತಿಲ್ಲ.

ಸುರುಳಿಗಳಿಗೆ ಸಂಖ್ಯೆ ಮತ್ತು ಅಕ್ಷರ ಕೊಡುವ ಪದ್ಧತಿಯನ್ನು 1990ರ ದಶಕದಲ್ಲಿ ಪ್ರಚಾರಕ್ಕೆ ತಂದವರು ಅಮೆರಿಕದ ಕೇಶವಿನ್ಯಾಸಕ ಆಂಡ್ರೆ ವಾಕರ್. ಅದರ ಪ್ರಕಾರ 1 ಎಂದರೆ ನೇರ, 2 ಎಂದರೆ ಅಲೆಯಲೆ, 3 ಎಂದರೆ ಸುರುಳಿ, 4 ಎಂದರೆ ಬಿಗಿ ಗುಂಗುರು. ಕರ್ನಾಟಕದಲ್ಲಿ ಗುಂಗುರು ಎಂದು ಕರೆಯುವ ಕೂದಲು ಹೆಚ್ಚಾಗಿ ಎರಡು ಮತ್ತು ಮೂರನೆಯ ವರ್ಗಗಳಿಗೆ ಸೇರುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸುತ್ತಮುತ್ತ ನೆಲೆಸಿರುವ, ಆಫ್ರಿಕನ್ ಮೂಲದ ಸಿದ್ದಿ ಸಮುದಾಯದಲ್ಲಿ ನಾಲ್ಕನೆಯ ವರ್ಗದ ಕೂದಲು ಸಾಮಾನ್ಯ; ಆದರೂ ಇಲ್ಲಿನ ಅಂಗಡಿಗಳ ಸಾಮಗ್ರಿಗಳೂ ಪಾರ್ಲರುಗಳ ತರಬೇತಿಯೂ ಅಂಥ ಕೂದಲನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಒಂದೇ ತಲೆಯಲ್ಲಿ ಎರಡು ಮೂರು ಬಗೆಯ ಸುರುಳಿಗಳಿರುವುದು ಸಾಮಾನ್ಯವಾದ್ದರಿಂದ ತಮ್ಮದು ಯಾವ ಅಕ್ಷರವೆಂದು ಹುಡುಕುತ್ತ ಕೂರುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಸುರುಳಿ ಬಿಗಿಯಾದಷ್ಟೂ ಮುರಿತದ ಅಪಾಯ ಹೆಚ್ಚು, ಎಣ್ಣೆ ಮತ್ತು ಕಂಡೀಷನರಿನ ಅಗತ್ಯವೂ ಹೆಚ್ಚು ಎಂಬಷ್ಟನ್ನು ತಿಳಿದರೆ ಸಾಕು.

ತಲೆ ಸ್ನಾನ

ಕೂದಲು ಒದ್ದೆಯಾದಾಗ ಅದರೊಳಗಿನ ಹೈಡ್ರೋಜನ್ ಬಂಧಗಳು ಸಡಿಲಗೊಂಡು ಎಳೆ ಉಬ್ಬುತ್ತದೆ, ಹೆಚ್ಚು ಹಿಗ್ಗುತ್ತದೆ, ದುರ್ಬಲವೂ ಆಗುತ್ತದೆ; ಒಣಗಿದಾಗ ಬಂಧಗಳು ಮತ್ತೆ ಏರ್ಪಡುತ್ತವೆ. ಈ ಉಬ್ಬುವಿಕೆ ಮತ್ತು ಕುಗ್ಗುವಿಕೆ ಪದೇ ಪದೇ ನಡೆದಷ್ಟೂ ಹೊರಪೊರೆಯ ಅಂಚುಗಳು ಸವೆಯುತ್ತವೆ. ಇದನ್ನು ಕಡಿಮೆ ಮಾಡುವ ಅತ್ಯಂತ ಸುಲಭದ ಉಪಾಯ ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದೆ: ತಲೆ ಸ್ನಾನಕ್ಕೆ ಮುಂಚೆ ಎಣ್ಣೆ ಹಚ್ಚುವುದು. ಮುಂಬಯಿಯ ಮ್ಯಾರಿಕೊ ಕಂಪನಿಯ ಸಂಶೋಧಕರಾದ ಆರತಿ ರೆಲೆ ಮತ್ತು ಆರ್. ಬಿ. ಮೋಹಿಲೆ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಗಳನ್ನು ಹೋಲಿಸಿದಾಗ, ತೊಳೆಯುವಾಗ ಮತ್ತು ಬಾಚುವಾಗ ಕೂದಲಿನಿಂದಾಗುವ ಪ್ರೋಟೀನ್ ನಷ್ಟವನ್ನು ಗಣನೀಯವಾಗಿ ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲದ ಕೊಬ್ಬಿನ ಅಣು ಚಿಕ್ಕದಾಗಿ, ಕವಲಿಲ್ಲದೆ ನೇರವಾಗಿರುವುದರಿಂದ ಕೂದಲಿನ ಒಳಗೆ ಇಳಿಯಬಲ್ಲದು, ಉಳಿದ ಎರಡು ಬಹುಪಾಲು ಮೇಲೆಯೇ ನಿಲ್ಲುತ್ತವೆ ಎಂಬುದು ಅವರು ಕೊಟ್ಟ ವಿವರಣೆ. ಪ್ರಯೋಗ ಮಾಡಿದ್ದು ತೆಂಗಿನೆಣ್ಣೆ ಮಾರುವ ಕಂಪನಿಯೇ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕಾದರೂ, ವಿವರಣೆ ರಸಾಯನಶಾಸ್ತ್ರಕ್ಕೆ ಒಪ್ಪುವಂಥದ್ದು. ಹರಳೆಣ್ಣೆ ಬಹಳ ಮಂದವಾಗಿ ಅಂಟುವುದರಿಂದ ಅದನ್ನು ತೊಳೆಯಲು ಹೆಚ್ಚು ಶಾಂಪೂ, ಹೆಚ್ಚು ತಿಕ್ಕಾಟ ಬೇಕಾಗುತ್ತದೆ. ಸಿಕ್ಕಾದ ಗುಂಗುರಿಗೆ ಅದನ್ನು ಒಂಟಿಯಾಗಿ ಹಚ್ಚದೆ ತೆಂಗಿನೆಣ್ಣೆಯಲ್ಲಿ ಸ್ವಲ್ಪವೇ ಬೆರೆಸಿಕೊಳ್ಳುವುದು ಮೇಲು.

ಎಣ್ಣೆಯನ್ನು ಹಚ್ಚಬೇಕಾದದ್ದು ಹೆಚ್ಚಾಗಿ ಕೂದಲಿನ ಉದ್ದಕ್ಕೆ, ತುದಿಗೆ. ನೆತ್ತಿಗೆ ಎಣ್ಣೆ ಸುರಿದು ತುದಿಯನ್ನು ಒಣಗಲು ಬಿಡುವ ನಮ್ಮ ರೂಢಿ ಈ ದೃಷ್ಟಿಯಿಂದ ತಲೆಕೆಳಗು. ತಲೆಯಲ್ಲಿ ಹೊಟ್ಟು ಇರುವವರಿಗಂತೂ ನೆತ್ತಿಯ ಎಣ್ಣೆ ಹಾನಿಯನ್ನೇ ಮಾಡಬಹುದು, ಏಕೆಂದರೆ ಹೊಟ್ಟಿಗೆ ಸಂಬಂಧಿಸಿದ ಮಲಸ್ಸೀಜಿಯಾ ಎಂಬ ಶಿಲೀಂಧ್ರ ಕೊಬ್ಬಿನ ಆಮ್ಲಗಳನ್ನೇ ತಿಂದು ಬದುಕುತ್ತದೆ. ಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಹಚ್ಚಿದರೆ ಸಾಕು.

ಶಾಂಪೂವಿನದು ಇದರ ವಿಲೋಮ: ಅದು ನೆತ್ತಿಗೆ ಮಾತ್ರ. ನೊರೆ ಕೆಳಗಿಳಿದು ಹೋಗುವಾಗ ಉದ್ದಕ್ಕೆ ಬೇಕಾದಷ್ಟು ಶುಚಿ ತಾನಾಗಿಯೇ ಆಗುತ್ತದೆ. ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆ ಹಾಕಿ ಉಜ್ಜುವುದು ಸಿಕ್ಕಿಗೆ ಆಹ್ವಾನ. ವಾರಕ್ಕೆ ಒಂದು ಅಥವಾ ಎರಡು ಸ್ನಾನ ಬಹುಪಾಲು ಗುಂಗುರು ಕೂದಲಿಗೆ ಸಾಕು. ಬೆವರು ಹೆಚ್ಚಿರುವ ಕರಾವಳಿಯಲ್ಲಿ ಅಥವಾ ದಿನವೂ ಧೂಳಿನಲ್ಲಿ ಬೈಕ್ ಓಡಿಸುವವರಿಗೆ ಇನ್ನೊಂದು ಬೇಕಾಗಬಹುದು. ಸೋಡಿಯಂ ಲಾರಿಲ್ ಸಲ್ಫೇಟ್ ಪ್ರಬಲವಾದ ಮಾರ್ಜಕ. ಕೊಕಾಮಿಡೋಪ್ರೊಪೈಲ್ ಬೀಟೇನ್‌ನಂಥವು ಸೌಮ್ಯ. ಒಣ ಕೂದಲಿನವರು ಎರಡನೆಯ ಬಗೆಯನ್ನು ಆರಿಸಿಕೊಳ್ಳಬಹುದು. ಆದರೆ ಶಾಂಪೂವನ್ನೇ ಬಿಟ್ಟು ಕಂಡೀಷನರಿನಿಂದಲೇ ತಲೆ ತೊಳೆಯಬೇಕೆಂಬ ಅಂತರ್ಜಾಲದ ಉಪದೇಶವನ್ನು, ನೆತ್ತಿ ಬೆವರುವ ನಮ್ಮ ಹವೆಯಲ್ಲಿ, ಹಾಗೆಯೇ ಪಾಲಿಸುವುದು ಜಾಣತನವಲ್ಲ. ಸೀಗೆಕಾಯಿ ಮತ್ತು ಅಂಟುವಾಳದಲ್ಲಿ ಸ್ಯಾಪೊನಿನ್ ಎಂಬ ಸಹಜ ನೊರೆಕಾರಕವಿದ್ದು ಜಿಡ್ಡನ್ನು ತೆಗೆಯುತ್ತದೆ. ಆದರೆ ತರಿತರಿಯಾದ ಪುಡಿಯನ್ನು ಸುರುಳಿಗಳಲ್ಲಿ ತಿಕ್ಕಿದರೆ ಅದನ್ನು ತೊಳೆದು ತೆಗೆಯುವಷ್ಟರಲ್ಲಿ ಅರ್ಧ ಕೂದಲು ಮುರಿದಿರುತ್ತದೆ. ಕಾಯಿಯನ್ನು ನೆನೆಸಿ, ಕುದಿಸಿ, ಬಟ್ಟೆಯಲ್ಲಿ ಸೋಸಿದ ನೀರನ್ನಷ್ಟೇ ಬಳಸಬೇಕು. ಮಲೆನಾಡಿನವರು ಬಳಸುವ ಮತ್ತಿಸೊಪ್ಪಿನ ಮತ್ತು ದಾಸವಾಳದೆಲೆಯ ಲೋಳೆ ಸಿಕ್ಕು ಬಿಡಿಸಲು ನಿಜಕ್ಕೂ ಉಪಯುಕ್ತ, ಏಕೆಂದರೆ ಲೋಳೆ ಎಳೆಗಳ ನಡುವಿನ ಘರ್ಷಣೆಯನ್ನು ತಗ್ಗಿಸುತ್ತದೆ. ಮೈಸೋಪು ಮಾತ್ರ ತಲೆಗೆ ಬೇಡ: ಅದು ಕ್ಷಾರೀಯವಾಗಿದ್ದು ಹೊರಪೊರೆಯನ್ನು ಉಬ್ಬಿಸುತ್ತದೆ, ಗಡಸು ನೀರಿನೊಂದಿಗೆ ಸೇರಿ ಕರಗದ ಗಸಿಯಾಗಿ ಎಳೆಗಳಿಗೆ ಅಂಟುತ್ತದೆ.

ಗಡಸು ನೀರಿನ ಪ್ರಸ್ತಾಪ ಬಂದದ್ದರಿಂದ ಬೆಂಗಳೂರಿನವರ ಅನುಭವವನ್ನು ಇಲ್ಲಿಯೇ ಹೇಳಬಹುದು. ಕಾವೇರಿ ನೀರು ಬರುವ ಮನೆಯಿಂದ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಬಡಾವಣೆಗೆ ಹೋದವರು ಕೆಲವೇ ತಿಂಗಳಲ್ಲಿ ಕೂದಲು ಒರಟಾಯಿತೆಂದು ಹೇಳುತ್ತಾರೆ. ಅಂಥ ನೀರಿನಲ್ಲಿ ಹೆಚ್ಚಾಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕೂದಲಿನ ಮೇಲೆ ಕೂಡಿಕೊಂಡು ಅದನ್ನು ಒರಟಾಗಿಸುತ್ತವೆ. ಒರಟುತನದಿಂದ ಸಿಕ್ಕು, ಸಿಕ್ಕಿನಿಂದ ಮುರಿತ. ಷವರಿಗೆ ಸಿಕ್ಕಿಸುವ ಸಣ್ಣ ಫಿಲ್ಟರುಗಳಲ್ಲಿ ಬಹುಪಾಲು ಕ್ಲೋರಿನ್ನನ್ನು ತಗ್ಗಿಸಬಲ್ಲವೇ ಹೊರತು ಗಡಸುತನವನ್ನಲ್ಲ. ಅದಕ್ಕೆ ಅಯಾನು ವಿನಿಮಯ ಮಾಡುವ ಸಾಫ್ಟ್‌ನರ್ ಬೇಕು. ಅದು ದುಬಾರಿಯೆನಿಸಿದರೆ, ತಿಂಗಳಿಗೊಮ್ಮೆ, ಖನಿಜಗಳನ್ನು ಹಿಡಿದು ತೆಗೆಯುವ ಇಡಿಟಿಎ ಎಂಬ ರಾಸಾಯನಿಕವಿರುವ ಶಾಂಪೂ ಬಳಸುವುದು ಅಥವಾ ಕೊನೆಯ ಒಂದು ಚೊಂಬು ನೀರನ್ನು ಕುಡಿಯುವ ನೀರಿನಿಂದ ತೆಗೆದುಕೊಳ್ಳುವುದು ಸಾಧ್ಯವಿರುವ ದಾರಿಗಳು.

ಕಂಡೀಷನರ್ ಕೂದಲನ್ನು ಪೋಷಿಸುತ್ತದೆ ಎಂಬ ಜಾಹೀರಾತಿನ ಮಾತು ಸರಿಯಲ್ಲ. ನಿರ್ಜೀವ ವಸ್ತುವಿಗೆ ಪೋಷಣೆಯಿಲ್ಲ. ಆದರೆ ಉದ್ದ ಉಳಿಸುವುದರಲ್ಲಿ ಅದಕ್ಕಿರುವ ಪಾತ್ರ ದೊಡ್ಡದು. ಸವೆದ ಕೂದಲಿನ ಮೇಲ್ಮೈಯಲ್ಲಿ ಋಣ ವಿದ್ಯುದಂಶ ಹೆಚ್ಚಿರುತ್ತದೆ. ಕಂಡೀಷನರಿನಲ್ಲಿರುವ ಬೆಹೆನ್‌ಟ್ರೈಮೋನಿಯಂ, ಸೆಟ್ರಿಮೋನಿಯಂ ಮುಂತಾದ ಧನ ವಿದ್ಯುದಂಶದ ಅಣುಗಳು ಎಲ್ಲಿ ಹೆಚ್ಚು ಸವೆದಿದೆಯೋ ಅಲ್ಲಿಗೇ ಹೋಗಿ ಅಂಟಿಕೊಳ್ಳುತ್ತವೆ, ಎಳೆಗಳು ಒಂದರ ಮೇಲೊಂದು ಜಾರುವಂತೆ ಮಾಡುತ್ತವೆ. ಲೇಬಲ್ಲಿನಲ್ಲಿ ಸೆಟೈಲ್ ಆಲ್ಕೊಹಾಲ್ ಎಂದು ಕಂಡೊಡನೆ ಬಾಟಲಿಯನ್ನು ಕೆಳಗಿಡುವವರಿದ್ದಾರೆ. ಅದು ಕೊಬ್ಬಿನಂಶದ ಮೃದುಕಾರಕ, ಕೂದಲನ್ನು ಒಣಗಿಸುವ ಸ್ಪಿರಿಟ್ ಅಲ್ಲ. ಸಿಲಿಕೋನ್ ಎಂದರೆ ವಿಷವೆಂಬಂತೆ ಮಾತಾಡುವುದೂ ಅತಿರೇಕವೇ. ಡೈಮೆಥಿಕೋನ್ ಘರ್ಷಣೆಯನ್ನು ತಗ್ಗಿಸುವುದರಲ್ಲಿ ಬಹಳ ಸಮರ್ಥ; ಕೂದಲು ಭಾರವಾದಂತೆ, ಸುರುಳಿ ಜೋತುಬಿದ್ದಂತೆ ಅನಿಸಿದರೆ ಒಮ್ಮೆ ಸಾಮಾನ್ಯ ಶಾಂಪೂವಿನಿಂದ ತೊಳೆದರೆ ಮುಗಿಯಿತು. ಮೊಟ್ಟೆಯ ಲೇಪದಿಂದ ಕೂದಲಿಗೆ ಪ್ರೋಟೀನ್ ಸಿಗುವುದಿಲ್ಲ: ಮೊಟ್ಟೆಯ ಪ್ರೋಟೀನಿನ ಅಣು ಎಳೆಯೊಳಗೆ ಇಳಿಯಲಾರದಷ್ಟು ದೊಡ್ಡದು. ಜಲವಿಚ್ಛೇದನದಿಂದ ಚಿಕ್ಕದಾಗಿಸಿದ ಪ್ರೋಟೀನಿರುವ ಸಾಮಗ್ರಿಗಳ ಕೆಲಸ ಅದಕ್ಕಿಂತ ಮೇಲು, ಅದೂ ತಾತ್ಕಾಲಿಕವಾಗಿ.

ಸಿಕ್ಕು ಬಿಡಿಸುವ ಕ್ರಮ

ಉದ್ದದ ನಷ್ಟದಲ್ಲಿ ದೊಡ್ಡ ಪಾಲು ಬಾಚಣಿಗೆಯದು ಎಂಬುದು ನನ್ನ ಅಭಿಪ್ರಾಯ. ಒದ್ದೆ ಕೂದಲನ್ನು ಬಾಚಬಾರದು ಎಂಬ ಹಿರಿಯರ ಮಾತು ನೇರ ಕೂದಲಿಗೆ ಸರಿ. ಗುಂಗುರಿನ ವಿಷಯದಲ್ಲಿ ಅಮೆರಿಕದ ಚರ್ಮರೋಗ ತಜ್ಞರ ಅಕಾಡೆಮಿ ಇದಕ್ಕೆ ವಿರುದ್ಧವಾದ ಸಲಹೆಯನ್ನೇ ಕೊಡುತ್ತದೆ: ತೇವವಿರುವಾಗಲೇ, ಹಲ್ಲುಗಳ ನಡುವೆ ಅಂತರ ಹೆಚ್ಚಿರುವ ಬಾಚಣಿಗೆಯಿಂದ ಬಾಚಬೇಕು. ಒದ್ದೆಯಾದಾಗ ಎಳೆ ದುರ್ಬಲವಾಗುವುದು ನಿಜವಾದರೂ, ಒಣ ಸುರುಳಿಗಳು ಒಂದಕ್ಕೊಂದು ಹೆಣೆದುಕೊಂಡಿರುವಾಗ ಬಾಚಣಿಗೆ ಹಾಕುವ ಎಳೆತ ಅದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಕಂಡೀಷನರ್ ಹಚ್ಚಿ, ಅದು ಇನ್ನೂ ಕೂದಲಿನಲ್ಲಿರುವಾಗಲೇ ನಾಲ್ಕು ಪಾಲು ಮಾಡಿಕೊಂಡು, ಪ್ರತಿ ಪಾಲಿನಲ್ಲಿಯೂ ಮೊದಲು ಬೆರಳುಗಳಿಂದ ದೊಡ್ಡ ಗಂಟುಗಳನ್ನು ಸಡಿಲಿಸಿ, ಆಮೇಲೆ ತುದಿಯ ನಾಲ್ಕು ಬೆರಳಿನಷ್ಟನ್ನು ಬಾಚಿ, ಅದು ಬಿಡಿಯಾದ ಮೇಲೆ ಸ್ವಲ್ಪ ಮೇಲಕ್ಕೆ, ಹೀಗೆ ಕೆಳಗಿನಿಂದ ಬುಡದವರೆಗೆ ಏರುತ್ತ ಹೋಗಬೇಕು. ಬುಡದಿಂದ ಶುರುಮಾಡಿ ಕೆಳಕ್ಕೆಳೆದರೆ ಎಲ್ಲ ಸಿಕ್ಕುಗಳೂ ತುದಿಯಲ್ಲಿ ಒಟ್ಟಾಗಿ ಬಿಗಿದ ಗಂಟಾಗುತ್ತವೆ, ಕೊನೆಗೆ ಕಿತ್ತುಕೊಂಡು ಬರುತ್ತವೆ. ಬಾಚಣಿಗೆ ನಿಂತಲ್ಲಿ ಗಂಟಿನ ಮೇಲ್ಭಾಗವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರೆ ಬುಡಕ್ಕೆ ಎಳೆತ ತಟ್ಟುವುದಿಲ್ಲ. ಇದು ವಾರಕ್ಕೆ ಒಂದೆರಡು ಸಲ, ಸ್ನಾನದ ದಿನ ಮಾತ್ರ. ಬೆಳಗ್ಗೆ ಸಂಜೆ ಒಣ ಗುಂಗುರನ್ನು ಬಾಚುವ ಶಿಸ್ತು ಕೂದಲಿಗೆ ಶಿಕ್ಷೆ.

ಒಣಗಿಸುವಾಗ ನಮ್ಮಲ್ಲಿ ಟವೆಲಿನಿಂದ ಪಟಪಟನೆ ಬಡಿಯುವ ರೂಢಿಯಿದೆ. ಉಬ್ಬಿ ದುರ್ಬಲವಾದ ಎಳೆಗೆ ಇದಕ್ಕಿಂತ ಕೆಟ್ಟದ್ದು ಹೆಚ್ಚಿಲ್ಲ. ಹಳೆಯ ಮೆತ್ತನೆಯ ಹತ್ತಿ ಬಟ್ಟೆ ಅಥವಾ ಟೀ ಶರ್ಟಿನಲ್ಲಿ ಕೂದಲನ್ನು ಮೇಲಕ್ಕೆತ್ತಿ ಹಿಂಡಿ ನೀರು ತೆಗೆಯಬೇಕು, ಉಜ್ಜಬಾರದು. ತೇವವಿರುವಾಗಲೇ ಸ್ವಲ್ಪ ಲೀವ್-ಇನ್ (ತೊಳೆಯದೆ ಹಾಗೆಯೇ ಬಿಡುವ) ಕಂಡೀಷನರ್ ಮತ್ತು ಅದರ ಮೇಲೆ ಜೆಲ್ ಅಥವಾ ಕುದಿಸಿ ಸೋಸಿದ ಅಗಸೆಬೀಜದ ಲೋಳೆ ಹಚ್ಚಿದರೆ ಸುರುಳಿಗಳು ಗುಂಪು ಗುಂಪಾಗಿ ಕೂಡಿ ಒಣಗುತ್ತವೆ, ಮತ್ತು ಗುಂಪಾಗಿರುವ ಎಳೆಗಳು ಕಡಿಮೆ ಸಿಕ್ಕಾಗುತ್ತವೆ. ಮಳೆಗಾಲದ ಮಂಗಳೂರಿನಲ್ಲಿ ಕೂದಲು ಕೆದರಿ ನಿಲ್ಲುವುದಕ್ಕೂ ಬೇಸಿಗೆಯ ರಾಯಚೂರಿನಲ್ಲಿ ಅದು ಗರಿಗರಿಯಾಗುವುದಕ್ಕೂ ಕಾರಣ ಗಾಳಿಯ ತೇವಾಂಶವೇ. ಮೊದಲನೆಯ ಕಡೆ ಗ್ಲಿಸರಿನ್ ಹೆಚ್ಚಿರುವ ಸಾಮಗ್ರಿ ಗಾಳಿಯ ನೀರನ್ನು ಸೆಳೆದು ಕೆದರುವಿಕೆಯನ್ನು ಹೆಚ್ಚಿಸಬಹುದು, ಎರಡನೆಯ ಕಡೆ ಕೊನೆಗೆ ಒಂದೆರಡು ಹನಿ ಎಣ್ಣೆಯಿಂದ ಮುಚ್ಚುವುದು ಅಗತ್ಯವಾಗುತ್ತದೆ.

ಕೂದಲನ್ನು ಗಂಟೆಗಟ್ಟಲೆ ಒದ್ದೆಯಾಗಿ ಬಿಡುವುದೂ ಒಳ್ಳೆಯದಲ್ಲ. 2011ರಲ್ಲಿ ಕೊರಿಯಾದ ಸಂಶೋಧಕರು ನಡೆಸಿದ ಪ್ರಯೋಗದಲ್ಲಿ, 15 ಸೆಂಟಿಮೀಟರ್ ದೂರದಿಂದ ಡ್ರೈಯರನ್ನು ಅಲುಗಿಸುತ್ತ ಒಣಗಿಸಿದಾಗ ಮೇಲ್ಮೈಗೆ ಕೆಲಮಟ್ಟಿನ ಹಾನಿಯಾದರೂ, ತಾನಾಗಿ ನಿಧಾನವಾಗಿ ಒಣಗಿದ ಕೂದಲಿನ ಒಳಪೊರೆಗಳಲ್ಲಿ ಬೇರೆ ಬಗೆಯ ಹಾನಿ ಕಂಡುಬಂದಿತ್ತು. ಆದ್ದರಿಂದ ದಟ್ಟ ಕೂದಲಿನವರು ಗಾಳಿಯನ್ನು ಹರಡಿ ಬಿಡುವ ಡಿಫ್ಯೂಸರ್ ಜೋಡಿಸಿದ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ ಬಳಸಲು ಹೆದರಬೇಕಿಲ್ಲ. ಹೆದರಬೇಕಾದದ್ದು ಒದ್ದೆ ಕೂದಲಿಗೆ ಒತ್ತುವ ಸ್ಟ್ರೈಟ್ನರಿಗೆ: ಎಳೆಯೊಳಗಿನ ನೀರು ಒಮ್ಮೆಲೇ ಆವಿಯಾಗಿ ಗುಳ್ಳೆಗಳೆದ್ದು ಕೂದಲು ಆ ಜಾಗಗಳಲ್ಲಿ ತುಂಡಾಗುತ್ತದೆ.

ಜಡೆಯ ವಿಷಯಕ್ಕೆ ಬಂದರೆ, ಸಡಿಲವಾದ ಜಡೆ ಗುಂಗುರು ಕೂದಲಿನ ತುದಿಗೆ ಒಳ್ಳೆಯ ರಕ್ಷಣೆ. ಬಿಗಿಯಾದ ಜಡೆ ಬುಡಕ್ಕೆ ಶತ್ರು. ಶಾಲೆಗಳಲ್ಲಿ ಕಡ್ಡಾಯವಾದ ಎರಡು ಜಡೆಯನ್ನು, ಗುಂಗುರು ಕೆದರಬಾರದೆಂದು, ಹಣೆಯ ಚರ್ಮ ಎಳೆಯುವಷ್ಟು ಬಿಗಿದು ಹೆಣೆಯುವುದುಂಟು. ವರ್ಷಗಟ್ಟಲೆ ಹೀಗೆ ಮಾಡಿದರೆ ಹಣೆಯ ಅಂಚಿನಲ್ಲಿ, ಕಿವಿಯ ಮುಂದೆ ಕೂದಲು ತೆಳುವಾಗುತ್ತದೆ. ಆರಂಭದಲ್ಲಿ ಬಿಗಿತವನ್ನು ಬಿಟ್ಟರೆ ಅದು ಮರಳಿ ಬರುತ್ತದೆ. ಬಹುಕಾಲ ಮುಂದುವರಿದರೆ ರೋಮಕೂಪವೇ ಗಾಯದ ಕಲೆಯಾಗಿ ಮುಚ್ಚಿಹೋಗಿ ಮತ್ತೆ ಹುಟ್ಟುವುದಿಲ್ಲ. ಹೆಲ್ಮೆಟ್ಟಿನ ಕೆಳಗೆ ಸ್ಯಾಟಿನ್ ಬಟ್ಟೆ, ರಾತ್ರಿ ಸ್ಯಾಟಿನ್ ಅಥವಾ ರೇಷ್ಮೆಯ ದಿಂಬಿನ ಚೀಲ ಘರ್ಷಣೆಯನ್ನು ತಗ್ಗಿಸುತ್ತವೆ. ಹಳೆಯ ರೇಷ್ಮೆ ಸೀರೆಯ ತುಂಡು ಆ ಕೆಲಸಕ್ಕೆ ಸಾಕು.

ನೆತ್ತಿಗೆ ಹಚ್ಚುವ ಮದ್ದುಗಳು

ಆಫ್ರಿಕದ ಚಾಡ್ ದೇಶದ ಬಸಾರ ಮಹಿಳೆಯರು ಚೇಬೆ ಎಂಬ ಪುಡಿಯನ್ನು ಎಣ್ಣೆಯೊಡನೆ ಕಲಸಿ ಕೂದಲಿಗೆ ಲೇಪಿಸಿ ಜಡೆ ಹಾಕಿ ದಿನಗಟ್ಟಲೆ ಬಿಡುತ್ತಾರೆ. ಬಿಗಿ ಗುಂಗುರಿದ್ದರೂ ಅವರಲ್ಲಿ ಬಹಳ ಉದ್ದದ ಕೂದಲು ಕಾಣಸಿಗುತ್ತದೆ. ಈ ಪುಡಿಯನ್ನು ಇಂದು ಇಲ್ಲಿಯೂ ಕೂದಲು ಬೆಳೆಸುವ ಮದ್ದೆಂದು ಮಾರುತ್ತಾರೆ. ಆದರೆ ಅವರು ಅದನ್ನು ನೆತ್ತಿಗೆ ತಾಗಿಸದೆ ಕೂದಲಿನ ಉದ್ದಕ್ಕೆ ಮಾತ್ರ ಹಚ್ಚುತ್ತಾರೆ. ಆ ಲೇಪ ಎಳೆಯನ್ನು ಮುಚ್ಚಿಡುತ್ತದೆ, ಜಡೆ ಅದನ್ನು ಮುಟ್ಟದಂತೆ ಇಡುತ್ತದೆ. ವೇಗ ಹೆಚ್ಚಿಸುವ ಗುಣ ಅದರಲ್ಲಿದೆಯೆಂದು ನಂಬಲು ಕಾರಣವಿಲ್ಲ, ನಷ್ಟ ತಡೆಯುವ ಕ್ರಮವಂತೂ ಇದೆ.

ಈರುಳ್ಳಿ ರಸದ ಕೀರ್ತಿಯ ಮೂಲದಲ್ಲಿರುವುದು 2002ರಲ್ಲಿ ಇರಾಕಿನ ವೈದ್ಯರು ಪ್ರಕಟಿಸಿದ ಒಂದು ಸಣ್ಣ ಅಧ್ಯಯನ. ಅದು ನಡೆದದ್ದು ತಲೆಯಲ್ಲಿ ವೃತ್ತಾಕಾರವಾಗಿ ಕೂದಲು ಉದುರುವ ರೋಗವಿದ್ದವರ ಮೇಲೆ. ರೋಸ್‌ಮರಿ ಎಣ್ಣೆಯ ಹೆಸರಿಗೆ ಕಾರಣವಾದ 2015ರ ಇರಾನಿನ ಅಧ್ಯಯನ ಅದನ್ನು ಬಕ್ಕತಲೆಗೆ ಹಚ್ಚುವ ಔಷಧವಾದ ಶೇ 2ರ ಮಿನಾಕ್ಸಿಡಿಲ್‌ನೊಂದಿಗೆ ಹೋಲಿಸಿದ್ದು ಪುರುಷರ ಬಕ್ಕತಲೆಗೆ ಸಂಬಂಧಿಸಿದಂತೆ. ರೋಗವಿಲ್ಲದ ನೆತ್ತಿಯ ಗುಂಗುರು ಕೂದಲು ಹೆಚ್ಚು ಉದ್ದವಾಗುತ್ತದೆಯೇ ಎಂಬ ಪ್ರಶ್ನೆಯನ್ನು ಇವೆರಡೂ ಕೇಳಿಯೇ ಇಲ್ಲ. ಬಯೋಟಿನ್ನಿನ ಕೊರತೆ ಅಪರೂಪ. ಅನಗತ್ಯವಾಗಿ ಹೆಚ್ಚು ನುಂಗಿದರೆ ಥೈರಾಯ್ಡ್ ಪರೀಕ್ಷೆಯ ಮತ್ತು ಹೃದಯಾಘಾತವನ್ನು ಪತ್ತೆಹಚ್ಚುವ ಟ್ರೊಪೋನಿನ್ ಪರೀಕ್ಷೆಯ ಫಲಿತಾಂಶಗಳು ತಪ್ಪಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿಯೇ ಎಚ್ಚರಿಸಿದೆ.

ನಿಜವಾಗಿ ನೋಡಬೇಕಾದದ್ದು ಕಬ್ಬಿಣದ ಅಂಶ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ದೇಶದಲ್ಲಿ ಶೇ 57, ಕರ್ನಾಟಕದಲ್ಲಿ ಸುಮಾರು ಶೇ 48ರಷ್ಟು ಮಂದಿಗೆ ರಕ್ತಹೀನತೆಯಿದೆ. ಕಬ್ಬಿಣದ ಕೊರತೆ, ಥೈರಾಯ್ಡ್ ಏರುಪೇರು, ಕಠಿಣ ಪಥ್ಯ ಇವು ಕೂದಲು ಬುಡದಿಂದಲೇ ಉದುರುವಂತೆ ಮಾಡುತ್ತವೆ. ಡೆಂಗಿಯಂಥ ಜ್ವರ ಅಥವಾ ಹೆರಿಗೆಯ ನಂತರ ಎರಡು ಮೂರು ತಿಂಗಳಿಗೆ ಹಿಡಿಹಿಡಿಯಾಗಿ ಉದುರುವುದು ಸಾಮಾನ್ಯ. ಬಹುತೇಕ ಅದು ತಾನಾಗಿ ನಿಲ್ಲುತ್ತದೆ. ಬೈತಲೆ ಅಗಲವಾಗುತ್ತಿದ್ದರೆ, ಅಲ್ಲಲ್ಲಿ ನುಣ್ಣಗಿನ ತೇಪೆಗಳು ಕಂಡರೆ, ನೆತ್ತಿ ಉರಿದು ಕೆಂಪಾದರೆ ಎಣ್ಣೆ ಬದಲಾಯಿಸುತ್ತ ಕಾಲ ಕಳೆಯದೆ ಚರ್ಮರೋಗ ತಜ್ಞರಿಗೆ ತೋರಿಸಬೇಕು.

ಸ್ಮೂತನಿಂಗ್ ಮಾಡಿಸಿಕೊಂಡವರಿಗೆ

ಕೂದಲನ್ನು ನೇರ ಮಾಡುವ ಪಾರ್ಲರುಗಳ ರಿಬಾಂಡಿಂಗ್‌ನಲ್ಲಿ ನಡೆಯುವುದು ಕೂದಲಿಗೆ ಬಲ ಮತ್ತು ಆಕಾರ ಕೊಡುವ ಡೈಸಲ್ಫೈಡ್ ಬಂಧಗಳನ್ನು ಥಯೋಗ್ಲೈಕೊಲೇಟ್ ಎಂಬ ರಾಸಾಯನಿಕದಿಂದ ಒಡೆದು, ನೇರವಾಗಿ ಒತ್ತಿ, ಹೊಸ ರೂಪದಲ್ಲಿ ಮತ್ತೆ ಬೆಸೆಯುವ ಕ್ರಿಯೆ. ಹೈಡ್ರೋಜನ್ ಬಂಧಗಳಂತೆ ಇವು ನೀರಿನಿಂದ ಮರಳಿ ಬರುವುದಿಲ್ಲ. ಎಲ್ಲವೂ ಬೆಸೆದುಕೊಳ್ಳುವುದೂ ಇಲ್ಲ, ಆದ್ದರಿಂದ ಕೂದಲು ಶಾಶ್ವತವಾಗಿ ದುರ್ಬಲವಾಗುತ್ತದೆ. ಕೆರಾಟಿನ್ ಟ್ರೀಟ್‌ಮೆಂಟ್ ಎಂಬ ಹೆಸರಿನಲ್ಲಿ ಮಾಡುವ ಹಲವು ಚಿಕಿತ್ಸೆಗಳಲ್ಲಿ ಬಿಸಿ ತಗುಲಿದಾಗ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಅನಿಲ ಹೊರಬರುತ್ತದೆ. ಅದಕ್ಕೆ ಬದಲಿಯಾಗಿ ಬಂದ ಗ್ಲೈಆಕ್ಸಿಲಿಕ್ ಆಮ್ಲದ ಸಾಮಗ್ರಿಗಳಿಂದ ಕೂದಲು ನೇರ ಮಾಡಿಸಿಕೊಂಡ ಪ್ರತಿ ಸಲವೂ ಮೂತ್ರಪಿಂಡಕ್ಕೆ ಹಾನಿಯಾದ ಯುವತಿಯೊಬ್ಬರ ಪ್ರಕರಣ 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ವರದಿಯಾಯಿತು.

ಇಂಥ ಚಿಕಿತ್ಸೆಯ ನಂತರವೂ ರೋಮಕೂಪದ ಬಾಗು ಹಾಗೆಯೇ ಇರುವುದರಿಂದ ಬುಡದಿಂದ ಬರುವ ಹೊಸ ಕೂದಲು ಗುಂಗುರಾಗಿಯೇ ಬರುತ್ತದೆ. ಮೇಲೆ ಗುಂಗುರು, ಕೆಳಗೆ ನೇರ. ಇವೆರಡೂ ಸೇರುವ ಜಾಗವೇ ಇಡೀ ಎಳೆಯ ಅತ್ಯಂತ ದುರ್ಬಲ ಬಿಂದು. ಸಹಜ ಕೂದಲಿಗೆ ಮರಳಲು ಬಯಸುವವರು ಆ ಗೆರೆಯ ಸುತ್ತ ಬಾಚಣಿಗೆಯನ್ನು ಆದಷ್ಟು ಬಿಟ್ಟು ಬೆರಳುಗಳನ್ನು ಬಳಸಬೇಕು, ಎರಡೂ ಭಾಗಗಳು ಒಂದೇ ಬಗೆಯಾಗಿ ಕಾಣುವಂತೆ ಮಾಡಲು ಬಿಸಿ ಉಪಕರಣ ಹಿಡಿಯುವ ಆಸೆಯನ್ನು ಬಿಡಬೇಕು. ಸಡಿಲವಾದ ಎರಡೆಳೆಯ ಜಡೆಯನ್ನು ರಾತ್ರಿ ಹಾಕಿ ಬೆಳಗ್ಗೆ ಬಿಚ್ಚಿದರೆ ಎರಡೂ ಭಾಗಗಳು ಒಂದೇ ಅಲೆಯಾಗಿ ಹೊಂದಿಕೊಳ್ಳುತ್ತವೆ. ಕತ್ತರಿಸುವುದರಿಂದ ಕೂದಲು ಬೇಗ ಬೆಳೆಯುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ, ಕತ್ತರಿ ತಾಗುವುದು ನಿರ್ಜೀವ ತುದಿಗೆ, ಬುಡಕ್ಕೆ ಅದರ ಸುದ್ದಿಯೇ ತಲುಪುವುದಿಲ್ಲ. ಆದರೆ ಸೀಳಿದ ತುದಿಯನ್ನು ಹಾಗೆಯೇ ಬಿಟ್ಟರೆ ಸೀಳು ಮೇಲಕ್ಕೇರುತ್ತದೆ, ಸುತ್ತಲಿನ ಎಳೆಗಳನ್ನೂ ಸಿಕ್ಕಿಸುತ್ತದೆ. ಸಹಜ ಕೂದಲಿನವರಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಒಂದು ಸೆಂಟಿಮೀಟರಿನಷ್ಟು ತೆಗೆದರೆ ಸಾಕಾಗುತ್ತದೆ, ಮೂರು ನಾಲ್ಕು ಸೆಂಟಿಮೀಟರ್ ಬೆಳೆದಿರುವುದರಿಂದ ಉಳಿಯುವುದೇ ಹೆಚ್ಚು. ರಿಬಾಂಡಿಂಗ್ ಮಾಡಿಸಿಕೊಂಡವರು ಇದಕ್ಕಿಂತ ಸ್ವಲ್ಪ ಹೆಚ್ಚು ಕತ್ತರಿಸುತ್ತ ಹೋದರೆ, ತಿಂಗಳಿಗೆ ಒಂದು ಸೆಂಟಿಮೀಟರಿನ ವೇಗದಲ್ಲಿ, ಹೆಗಲಿನವರೆಗೆ ಪೂರ್ತಿ ಸಹಜ ಗುಂಗುರು ಬರಲು ಎರಡರಿಂದ ಮೂರು ವರ್ಷ ಹಿಡಿಯುತ್ತದೆ. ಅಷ್ಟು ಕಾಯಲು ಮನಸ್ಸಿಲ್ಲದವರು ಗೆರೆಯವರೆಗಿನ ನೇರ ಭಾಗವನ್ನು ಒಮ್ಮೆಗೇ ಕತ್ತರಿಸಿ ಗಿಡ್ಡ ಗುಂಗುರಿನಿಂದಲೇ ಶುರುಮಾಡುತ್ತಾರೆ. ಸಿಕ್ಕು ಬಿಡಿಸುವ ಕೆಲಸ ಅವರಿಗೆ ಅಂದಿನಿಂದಲೇ ಅರ್ಧಕ್ಕಿಳಿಯುತ್ತದೆ.